ನಕಲಿ ಲಾಗಿನ್ ಪುಟ ಸಿಕ್ಕಿಬೀಳುವುದು ಎಲ್ಲಿ?

"ನಕಲಿ ಸೈಟಲ್ಲಿ ಸ್ಪೆಲಿಂಗ್ ತಪ್ಪಿರುತ್ತೆ, ಲೋಗೋ ಮಸುಕಾಗಿರುತ್ತೆ, ಸ್ವಲ್ಪ ಗಮನ ಇಟ್ಟು ನೋಡಿದ್ರೆ ಗೊತ್ತಾಗಿಬಿಡುತ್ತೆ." ಈ ಮಾತು ನೀವೂ ಕೇಳಿರುತ್ತೀರಿ. ಮೊದಲು ಇದನ್ನು ತಲೆಯಿಂದ ತೆಗೆದುಹಾಕಿ. ಬ್ರೌಸರ್ ಒಂದು ಪುಟವನ್ನು ತೋರಿಸಬೇಕಾದರೆ ಅದರ ಕೋಡು, ಚಿತ್ರ, ಫಾಂಟು, ಬಣ್ಣ ಎಲ್ಲವೂ ನಿಮ್ಮ ಕಂಪ್ಯೂಟರಿಗೆ ಇಳಿದು ಬರಲೇಬೇಕು. ನಿಮಗೆ ಬಂದದ್ದು ವಂಚಕನಿಗೂ ಬರುತ್ತದೆ. ಅವನು ಅದನ್ನು ಹಾಗೇ ಎತ್ತಿ ತನ್ನ ಸರ್ವರಿನಲ್ಲಿ ಇಟ್ಟು, ಪಾಸ್‌ವರ್ಡ್ ಹೋಗಿ ಸೇರುವ ಜಾಗ ಒಂದನ್ನು ಬದಲಾಯಿಸಿದರೆ ಮುಗಿಯಿತು. ಅಲ್ಲಿರುವುದು ಕಂಪನಿಯದೇ ಲೋಗೋ, ಕಂಪನಿಯದೇ ಬಟನ್ನು, ಕಂಪನಿಯವರೇ ಬರೆದ ವಾಕ್ಯ. ಮಸುಕು ಎಲ್ಲಿಂದ ಬರಬೇಕು?

ಅಷ್ಟು ಕೆಲಸವನ್ನೂ ಸ್ವಂತ ಮಾಡುವವರು ಕಡಿಮೆ. ದೊಡ್ಡ ಬ್ರ್ಯಾಂಡುಗಳ ನಕಲಿ ಪುಟಗಳು ರೆಡಿಮೇಡ್ ಕಿಟ್ ಆಗಿ, ಒಂದು ಜಿಪ್ ಫೈಲಿನಲ್ಲಿ, ಮಾರಾಟಕ್ಕೆ ಸಿಗುತ್ತವೆ. ಕೊಂಡವನು ಅದನ್ನು ಸರ್ವರಿನಲ್ಲಿ ಬಿಚ್ಚಿ, ಜಿಪ್ ಫೈಲನ್ನು ಅಳಿಸದೆ ಅಲ್ಲೇ ಬಿಟ್ಟು ಹೋಗುವುದೂ ಉಂಟು. ಅದು ಸಿಕ್ಕರೆ ತನಿಖೆ ಮಾಡುವವರಿಗೆ ಹಬ್ಬ, ಯಾಕೆಂದರೆ ಕದ್ದ ಪಾಸ್‌ವರ್ಡು ಯಾವ ಇಮೇಲಿಗೆ ಹೋಗುತ್ತಿದೆ ಅನ್ನುವುದು ಅದರೊಳಗೇ ಬರೆದಿರುತ್ತದೆ. ಇನ್ನು ಕೆಲವರು ಎಚ್‌ಟಿಟ್ರ್ಯಾಕ್ ಅನ್ನುವ ಹಳೆಯ ಉಚಿತ ಸಾಫ್ಟ್‌ವೇರ್‌ನಿಂದ ಪೂರ್ತಿ ಸೈಟನ್ನು ನಕಲು ಮಾಡುತ್ತಾರೆ. ಅದು ಪುಟದ ಕೋಡಿನಲ್ಲಿ ತಾನಾಗಿ ಒಂದು ಸಾಲು ಸೇರಿಸುತ್ತದೆ: ಇದು ಇಂಥ ಸೈಟಿನಿಂದ, ಇಂಥ ದಿನ, ಇಷ್ಟು ಗಂಟೆಗೆ ನಕಲಾದದ್ದು ಅಂತ. ಅದನ್ನು ತೆಗೆಯಲು ಮರೆತ ಪುಟಗಳೂ ಸಿಗುತ್ತವೆ. ಕಳ್ಳ ತಾನೇ ರಸೀದಿ ಬರೆದಿಟ್ಟು ಹೋದ ಹಾಗೆ! ಆದರೆ ಇವೆಲ್ಲ ಸೋಮಾರಿಗಳನ್ನು ಹಿಡಿಯುವ ದಾರಿ, ಅಷ್ಟೇ.

ಕಣ್ಣನ್ನು ನಂಬಿದರೆ ಏನಾಗುತ್ತದೆ ಅನ್ನುವುದಕ್ಕೆ ಹಳೆಯದಾದರೂ ಗಟ್ಟಿಯಾದ ಒಂದು ಪ್ರಯೋಗ ಇದೆ. 2006ರಲ್ಲಿ ಹಾರ್ವರ್ಡ್ ಮತ್ತು ಬರ್ಕ್ಲಿಯ ಸಂಶೋಧಕರು 22 ಜನರನ್ನು ಕೂರಿಸಿ 20 ಸೈಟುಗಳನ್ನು ತೋರಿಸಿದರು. ಯಾವುದು ಅಸಲಿ, ಯಾವುದು ನಕಲಿ, ಹೇಳಿ ಅಂದರು. ಅಂದರೆ ಆ ಜನ ಮೋಸ ಹುಡುಕಲೆಂದೇ ಕೂತವರು, ಅವಸರದಲ್ಲಿ ಲಿಂಕು ಒತ್ತಿದವರಲ್ಲ. ಆದರೂ ಅತ್ಯಂತ ಚೆನ್ನಾಗಿ ಮಾಡಿದ ಒಂದು ನಕಲಿ ಸೈಟಿಗೆ ನೂರಕ್ಕೆ 90ರಷ್ಟು ಜನ ಮೋಸ ಹೋದರು. ಅದು ಬ್ಯಾಂಕ್ ಆಫ್ ದಿ ವೆಸ್ಟ್ ಹೆಸರಿನ ಸೈಟು. 'ವೆಸ್ಟ್' ಪದದ ಮೊದಲ ಅಕ್ಷರವಾದ ಇಂಗ್ಲಿಷಿನ ಡಬ್ಲ್ಯೂ ಬದಲು ಎರಡು ವಿ ಅಕ್ಷರಗಳನ್ನು ಪಕ್ಕಪಕ್ಕ ಇಟ್ಟಿದ್ದರು. ಸುಮಾರು ಕಾಲು ಭಾಗ ಜನ, ಸರಿಯಾಗಿ ಹೇಳಬೇಕೆಂದರೆ 23 ಶೇಕಡಾ, ಅಡ್ರೆಸ್ ಬಾರ್ ಕಡೆಗೆ ನೋಡಲೇ ಇಲ್ಲ. ಪುಟ ನೋಡಿಯೇ ತೀರ್ಮಾನ ಮಾಡಿದರು.

ಹಾಗಾದರೆ ವಂಚಕನಿಗೆ ನಕಲು ಮಾಡಲು ಆಗದೇ ಇರುವುದು ಏನು? ಡೊಮೇನ್ ಹೆಸರು. ಅಂದರೆ ಅಡ್ರೆಸ್ ಬಾರಿನಲ್ಲಿ ಕಾಣುವ, ಸೈಟಿನ ಒಡೆಯ ನೋಂದಾಯಿಸಿಕೊಂಡ ಹೆಸರು. ಒಂದು ಡೊಮೇನು ಒಂದು ಹೊತ್ತಿಗೆ ಒಬ್ಬರಿಗೇ ನೋಂದಣಿಯಾಗಿರುತ್ತದೆ. ಪುಟವನ್ನು ಸಾವಿರ ಸಲ ನಕಲು ಮಾಡಬಹುದು, ಆದರೆ ಪೇಪಾಲ್.ಕಾಮ್ ಅನ್ನುವ ಹೆಸರು ಇನ್ನೊಬ್ಬನಿಗೆ ಸಿಗುವುದಿಲ್ಲ. ನಕಲಿ ಪತ್ತೆಯ ವಿದ್ಯೆಯೆಲ್ಲ ಒಂದು ಪ್ರಶ್ನೆಯ ಸುತ್ತ ತಿರುಗುತ್ತದೆ: ಈ ಪುಟ ಯಾರ ಹೆಸರು ಹೇಳಿಕೊಂಡು ಕೂತಿದೆ, ಮತ್ತು ಇದು ಇರುವ ಡೊಮೇನು ನಿಜವಾಗಿ ಯಾರದು? ಎರಡಕ್ಕೂ ತಾಳೆಯಾಗದಿದ್ದರೆ ಅಲ್ಲೇ ಸಿಕ್ಕಿಬಿದ್ದ ಹಾಗೆ.

ಕೇಳಲು ಸುಲಭ. ಕಷ್ಟ ಇರುವುದು ಹೆಸರನ್ನು ಓದುವುದರಲ್ಲಿ.

ನಾವು ಎಡದಿಂದ ಬಲಕ್ಕೆ ಓದುತ್ತೇವೆ, ಆದರೆ ಡೊಮೇನ್ ಹೆಸರಿನಲ್ಲಿ ಮುಖ್ಯವಾದ ಭಾಗ ಇರುವುದು ಬಲತುದಿಯಲ್ಲಿ. ಕಾಗದದ ಮೇಲೆ ಬರೆದ ವಿಳಾಸದ ಹಾಗೆ: ಮನೆ, ಬೀದಿ ಮೊದಲು ಬರುತ್ತವೆ, ಊರು ಕೊನೆಗೆ, ಕಾಗದ ಹೋಗುವುದು ಆ ಊರಿಗೇ. ಪೇಪಾಲ್.ಕಾಮ್.ಲಾಗಿನ್-ಚೆಕ್.ಎಕ್ಸಾಂಪಲ್ ಅಂತ ಒಂದು ವಿಳಾಸ ಇದೆ ಅಂದುಕೊಳ್ಳಿ. ಕಣ್ಣಿಗೆ ಮೊದಲು ಬೀಳುವುದು ಪೇಪಾಲ್.ಕಾಮ್. ಆದರೆ ಅದು ಬರೀ ಮುಂದೆ ಅಂಟಿಸಿದ ಚೀಟಿ. ಡೊಮೇನಿನ ಒಡೆಯ ತನ್ನ ಹೆಸರಿನ ಎಡಕ್ಕೆ ಏನು ಬೇಕಾದರೂ ಬರೆದುಕೊಳ್ಳಬಹುದು, ಯಾರನ್ನೂ ಕೇಳಬೇಕಿಲ್ಲ. ಇಲ್ಲಿ ನಿಜವಾದ ಹೆಸರು ಲಾಗಿನ್-ಚೆಕ್.ಎಕ್ಸಾಂಪಲ್. ಓದುವ ಕ್ರಮ ಹೀಗೆ: ಶುರುವಿನ ಎರಡು ಓರೆಗೆರೆ ದಾಟಿ, ಅದಾದ ಮೇಲೆ ಬರುವ ಮೊದಲ ಓರೆಗೆರೆ ಹುಡುಕಿ, ಅಲ್ಲಿಂದ ಹಿಂದಕ್ಕೆ ಓದಿ. ಆ ಗೆರೆಯ ಬಲಕ್ಕೆ ಎಷ್ಟು ಸಲ ಬ್ರ್ಯಾಂಡಿನ ಹೆಸರು ಬಂದರೂ ಲೆಕ್ಕಕ್ಕಿಲ್ಲ. ಫೋನಿನ ಸಣ್ಣ ಪರದೆಯಲ್ಲಿ ಇಷ್ಟುದ್ದದ ಲಿಂಕು ಅರ್ಧಕ್ಕೇ ಕತ್ತರಿಸಿ ಕಾಣುವುದರಿಂದ ಈ ತಂತ್ರ ಅಲ್ಲಿ ಇನ್ನೂ ಚೆನ್ನಾಗಿ ಕೆಲಸ ಮಾಡುತ್ತದೆ.

ಇದಕ್ಕೆ ಒಂದು ತೊಡಕು ಇದೆ. ಕೊನೆಯ ಎರಡು ತುಂಡು ನೋಡಿದರೆ ಸಾಕು ಅಂತ ಹೇಳುವಂತಿಲ್ಲ, ಯಾಕೆಂದರೆ ಕೆಲವು ಹೆಸರುಗಳ ಬಾಲವೇ ಎರಡು ತುಂಡಿನದು (ಕೋ.ಯುಕೆ ಥರದವು). ಬ್ಲಾಗು, ಸಣ್ಣ ಸೈಟುಗಳಿಗೆ ಉಚಿತವಾಗಿ ಜಾಗ ಕೊಡುವ ಗಿಟ್‌ಹಬ್ ಪೇಜಸ್‌ನಂಥ ಸೇವೆಗಳಲ್ಲಿ ಒಂದೇ ಡೊಮೇನಿನ ಕೆಳಗೆ ಸಾವಿರಾರು ಜನ ಇರುತ್ತಾರೆ. ಯಾವ ಬಾಲ ಎಲ್ಲಿಗೆ ಮುಗಿಯುತ್ತದೆ ಅನ್ನುವ ಪಟ್ಟಿಯನ್ನು ಫೈರ್‌ಫಾಕ್ಸ್ ಬ್ರೌಸರ್ ಮಾಡುವ ಮೊಜಿಲ್ಲಾದವರು ಶುರುಮಾಡಿದರು, ಇವತ್ತು ಬ್ರೌಸರುಗಳೆಲ್ಲ ಅದನ್ನೇ ಬಳಸುತ್ತವೆ. ಮನುಷ್ಯರು ಅದನ್ನು ಬಾಯಿಪಾಠ ಮಾಡಲು ಸಾಧ್ಯವಿಲ್ಲ, ಅಲ್ವಾ?

ಹೆಸರನ್ನೇ ತಿರುಚುವ ದಾರಿಗಳು ಬೇರೆ ಇವೆ. ಒಂದಕ್ಷರ ತಪ್ಪಾಗಿ ಟೈಪ್ ಮಾಡುವವರನ್ನು ಕಾದು ಕೂರುವುದು ಹಳೆಯ ವಿಧಾನ. ಇದನ್ನು ಯಂತ್ರ ಸುಲಭವಾಗಿ ಹಿಡಿಯುತ್ತದೆ, ಒಂದು ಹೆಸರಿನಿಂದ ಇನ್ನೊಂದಕ್ಕೆ ಎಷ್ಟು ಅಕ್ಷರ ಬದಲಾಗಿದೆ ಅಂತ ಎಣಿಸಿದರೆ ಸಾಕು. ಅದಕ್ಕಿಂತ ಜಾಸ್ತಿ ಬಳಕೆಯಲ್ಲಿರುವುದು ಬ್ರ್ಯಾಂಡಿನ ಹೆಸರನ್ನು ಒಂದಕ್ಷರವೂ ತಪ್ಪದೆ ಬರೆದು, ಪಕ್ಕದಲ್ಲಿ 'ಸಪೋರ್ಟ್', 'ವೆರಿಫೈ', 'ರೀಫಂಡ್' ಅಂತ ಒಂದು ಪದ ಸೇರಿಸುವುದು. 2017ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದ ಪ್ರಕಾರ ಇಂಥ ಜೋಡಿ ಹೆಸರುಗಳು ಅಕ್ಷರ ತಪ್ಪಿಸಿದ ಹೆಸರುಗಳಿಗಿಂತ 100 ಪಟ್ಟು ಹೆಚ್ಚು. ಸ್ಪೆಲಿಂಗ್ ತಪ್ಪು ಹುಡುಕಿ ಅನ್ನುವ ಸಲಹೆ ಇಲ್ಲಿ ತಿರುಗುಬಾಣ. ಸ್ಪೆಲಿಂಗ್ ಸರಿಯಾಗಿದೆ ಅನ್ನುವ ಕಾರಣಕ್ಕೇ ಜನ ನಂಬುತ್ತಾರೆ.

ಮೂರನೆಯದು ಒಂದೇ ಥರ ಕಾಣುವ ಅಕ್ಷರಗಳ ಆಟ. ಕನ್ನಡ ಮತ್ತು ತೆಲುಗು ಲಿಪಿಗಳಲ್ಲಿ ಎಷ್ಟೋ ಅಕ್ಷರ ನೋಡಲು ಒಂದೇ, ಕಂಪ್ಯೂಟರಿಗೆ ಮಾತ್ರ ಬೇರೆಬೇರೆ. ಇಂಗ್ಲಿಷ್ ಅಕ್ಷರಗಳಿಗೂ ರಷ್ಯನ್ ಬರೆಯುವ ಸಿರಿಲಿಕ್ ಲಿಪಿಗೂ ಇದೇ ಸಂಬಂಧ. 2002ರಲ್ಲೇ ಇಬ್ಬರು ಸಂಶೋಧಕರು ಸಿರಿಲಿಕ್ ಅಕ್ಷರ ಬೆರೆಸಿ ಮೈಕ್ರೋಸಾಫ್ಟ್.ಕಾಮ್ ಅಂತಲೇ ಕಾಣುವ ಹೆಸರನ್ನು ನೋಂದಾಯಿಸಿ ತೋರಿಸಿದ್ದರು. ಆಮೇಲೆ ಬ್ರೌಸರುಗಳು ಒಂದು ನಿಯಮ ಮಾಡಿಕೊಂಡವು: ಒಂದೇ ಹೆಸರಿನಲ್ಲಿ ಎರಡು ಲಿಪಿ ಅನುಮಾನ ಬರುವಂತೆ ಬೆರೆತಿದ್ದರೆ ಅದನ್ನು ಚಂದವಾಗಿ ತೋರಿಸದೆ ಕಚ್ಚಾ ರೂಪದಲ್ಲಿ ತೋರಿಸುವುದು. ನಿಯಮದಲ್ಲಿ ತೂತು ಎಲ್ಲಿದೆ ಗೊತ್ತಾಯಿತಾ? ಪೂರ್ತಿ ಹೆಸರೇ ಸಿರಿಲಿಕ್ ಆಗಿದ್ದರೆ ಬೆರಕೆಯೇ ಇಲ್ಲ! 2017ರ ಏಪ್ರಿಲ್‌ನಲ್ಲಿ ಒಬ್ಬ ಸಂಶೋಧಕ ಆಪಲ್.ಕಾಮ್ ಅಂತ ಕಾಣುವ, ಐದೂ ಅಕ್ಷರ ಸಿರಿಲಿಕ್ ಆಗಿರುವ ಹೆಸರನ್ನು ನೋಂದಾಯಿಸಿ ತೋರಿಸಿದಾಗ ಕ್ರೋಮ್, ಫೈರ್‌ಫಾಕ್ಸ್ ಎರಡರಲ್ಲೂ ಅಡ್ರೆಸ್ ಬಾರ್ ಶುದ್ಧ ಆಪಲ್.ಕಾಮ್ ಅಂತಲೇ ಇತ್ತು, ಬ್ರೌಸರ್ ಬೀಗದ ಗುರುತು ತೋರಿಸಲು ಬೇಕಾದ ಸರ್ಟಿಫಿಕೇಟೂ (ಡೊಮೇನಿಗೆ ಕೊಡುವ ಡಿಜಿಟಲ್ ಪ್ರಮಾಣಪತ್ರ) ಇತ್ತು. ಅದರ ಕಚ್ಚಾ ರೂಪ ಎಕ್ಸ್‌ಎನ್--80ಎಕೆ6ಎಎ92ಇ.ಕಾಮ್. ಕ್ರೋಮ್ 58ನೇ ಆವೃತ್ತಿಯಲ್ಲಿ ಇದಕ್ಕೆ ತೇಪೆ ಹಾಕಿದರು. ಆ ಕ್ಷಣದಲ್ಲಿ ಆ ಪುಟ ನೋಡಿದ ಯಾವ ಜಾಣನೂ ಬರೀ ಕಣ್ಣಿನಿಂದ ಅದನ್ನು ಹಿಡಿಯುವ ಹಾಗಿರಲಿಲ್ಲ.

ಸರ್ಟಿಫಿಕೇಟ್ ಅಂದ ಕೂಡಲೇ ಬೀಗದ ಗುರುತಿನ ವಿಷಯ ಬರುತ್ತದೆ. ಬೀಗ ಇದ್ದರೆ ಸೈಟು ಸುರಕ್ಷಿತ ಅಂತ ವರ್ಷಗಟ್ಟಲೆ ಹೇಳಿಕೊಟ್ಟರು. ಬೀಗದ ಅರ್ಥ ಇಷ್ಟೇ: ನಿಮಗೂ ಆ ಡೊಮೇನಿಗೂ ನಡುವೆ ಹೋಗುವ ಮಾಹಿತಿಯನ್ನು ಮಧ್ಯದಲ್ಲಿ ಯಾರೂ ಕದ್ದು ಓದಲಾರರು. ಆ ಕಡೆ ಕೂತವನೇ ಕಳ್ಳನಾದರೆ, ನಿಮ್ಮ ಪಾಸ್‌ವರ್ಡು ಭದ್ರವಾಗಿ ಕಳ್ಳನಿಗೇ ತಲುಪುತ್ತದೆ. 2015ರಲ್ಲಿ ಸರ್ಟಿಫಿಕೇಟನ್ನು ಪುಕ್ಕಟೆ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್ ಶುರುವಾದ ಮೇಲೆ ಸರ್ಟಿಫಿಕೇಟು ಉಚಿತ, ನಿಮಿಷಗಳಲ್ಲಿ ಸಿಗುತ್ತದೆ. ವೆಬ್‌ಗೆ ಅದರಿಂದ ಒಳ್ಳೆಯದೇ ಆಯಿತು, ನಕಲಿ ಪುಟಕ್ಕೂ ಬೀಗ ಬಂತು ಅನ್ನುವುದು ಬೇರೆ ಮಾತು. ದುಬಾರಿ ಸರ್ಟಿಫಿಕೇಟ್ ಇದ್ದರೆ ಕಂಪನಿಯ ಹೆಸರನ್ನೇ ಅಡ್ರೆಸ್ ಬಾರಿನಲ್ಲಿ ಹಸಿರು ಬಣ್ಣದಲ್ಲಿ ತೋರಿಸುವ ಪದ್ಧತಿಯೂ ಇತ್ತು. 2017ರಲ್ಲಿ ಇಯಾನ್ ಕ್ಯಾರೊಲ್ ಎಂಬ ಸಂಶೋಧಕ ಅಮೆರಿಕದ ಕೆಂಟಕಿ ರಾಜ್ಯದಲ್ಲಿ 'ಸ್ಟ್ರೈಪ್' ಅನ್ನುವ ಹೆಸರಿನಲ್ಲೇ ಒಂದು ಕಂಪನಿ ನೋಂದಾಯಿಸಿ, ಆ ಹೆಸರಿನ ಸರ್ಟಿಫಿಕೇಟನ್ನು ಕಾನೂನುಬದ್ಧವಾಗಿಯೇ ತೆಗೆದುಕೊಂಡ. ಹಣ ಪಾವತಿಯ ಪ್ರಸಿದ್ಧ ಸ್ಟ್ರೈಪ್ ಕಂಪನಿ ಇರುವುದು ಬೇರೆ ರಾಜ್ಯದಲ್ಲಿ, ಹೆಸರು ಮಾತ್ರ ಅದೇ. 2019ರಲ್ಲಿ ಕ್ರೋಮ್ ಆ ಹೆಸರು ತೋರಿಸುವುದನ್ನು ಅಡ್ರೆಸ್ ಬಾರಿನಿಂದ ತೆಗೆಯಿತು. 2023ರ ಸೆಪ್ಟೆಂಬರ್‌ನಲ್ಲಿ ಬೀಗದ ಗುರುತನ್ನೂ ತೆಗೆದುಹಾಕಿತು. ನನ್ನನ್ನು ಕೇಳಿದರೆ ಇದನ್ನು ಹತ್ತು ವರ್ಷ ಮೊದಲೇ ಮಾಡಬೇಕಿತ್ತು.

ಆದರೆ ಜನರನ್ನು ದಾರಿ ತಪ್ಪಿಸಿದ ಅದೇ ಸರ್ಟಿಫಿಕೇಟು ಪತ್ತೆ ಮಾಡುವವರ ಕೈಗೆ ಒಳ್ಳೆಯ ಸುಳಿವು ಕೊಟ್ಟಿತು. 2018ರ ಏಪ್ರಿಲ್ ಕೊನೆಯಿಂದ, ಹೊಸದಾಗಿ ಕೊಡುವ ಪ್ರತಿಯೊಂದು ಸರ್ಟಿಫಿಕೇಟೂ ಸಾರ್ವಜನಿಕ ದಾಖಲೆಯಲ್ಲಿ ನಮೂದಾಗಿರಬೇಕು, ಇಲ್ಲದಿದ್ದರೆ ಕ್ರೋಮ್ ಒಪ್ಪುವುದಿಲ್ಲ ಅಂತ ಆಯಿತು. ಆ ದಾಖಲೆಯನ್ನು ಯಾರು ಬೇಕಾದರೂ ಓದಬಹುದು. ಬ್ರ್ಯಾಂಡ್ ಕಾಯುವವರು ಅದಕ್ಕೆ ಒಂದು ಪ್ರೋಗ್ರಾಂ ಕೂರಿಸಿ, ತಮ್ಮ ಹೆಸರು ಎಲ್ಲಿ ಕಾಣಿಸಿಕೊಂಡರೂ ಎಚ್ಚರಿಕೆ ಕೊಡು ಅನ್ನುತ್ತಾರೆ. ನಕಲಿ ಸೈಟಿನ ಲಿಂಕು ಒಬ್ಬರಿಗೂ ಹೋಗುವ ಮೊದಲೇ ಅದರ ಹೆಸರು ಇಲ್ಲಿ ಬಿದ್ದಿರಬಹುದು.

ಎಷ್ಟು ಬೇಗ ನೋಡಬೇಕು ಅನ್ನುವುದೇ ಈಗ ದೊಡ್ಡ ತಲೆನೋವು. ಗೂಗಲ್‌ನ ಸೇಫ್ ಬ್ರೌಸಿಂಗ್ ಕೆಟ್ಟ ಸೈಟುಗಳ ಪಟ್ಟಿಯನ್ನು ಪುಟ್ಟ ಸಂಕೇತಗಳಾಗಿಸಿ ನಿಮ್ಮ ಕಂಪ್ಯೂಟರಿನಲ್ಲೇ ಇಟ್ಟು, ಅರ್ಧ ಗಂಟೆಯಿಂದ ಒಂದು ಗಂಟೆಗೊಮ್ಮೆ ಹೊಸದು ಮಾಡುತ್ತಿತ್ತು. 2024ರ ಮಾರ್ಚ್‌ನಲ್ಲಿ ಗೂಗಲ್ಲೇ ಹೇಳಿತು: ಸರಾಸರಿ ಕೆಟ್ಟ ಸೈಟು ಬದುಕಿರುವುದು 10 ನಿಮಿಷಕ್ಕೂ ಕಡಿಮೆ. ಪಟ್ಟಿ ಬರುವಷ್ಟರಲ್ಲಿ ಕಳ್ಳ ಅಂಗಡಿ ಮುಚ್ಚಿಕೊಂಡು ಹೋಗಿರುತ್ತಾನೆ. ಹಾಗಾಗಿ ಈಗ ಕ್ರೋಮ್ ಅದೇ ಕ್ಷಣದಲ್ಲಿ ಸರ್ವರನ್ನು ಕೇಳುತ್ತದೆ, ನೀವು ಯಾರು ಅಂತ ಗೂಗಲ್‌ಗೆ ತಿಳಿಯದ ಹಾಗೆ ನಡುವೆ ಇನ್ನೊಬ್ಬರನ್ನು ಇಟ್ಟುಕೊಂಡು.

ಪುಟವನ್ನು ನೋಡಿ ಹಿಡಿಯುವ ಯಂತ್ರಗಳೂ ಇವೆ. 2021ರಲ್ಲಿ ಬಂದ ಫಿಶ್‌ಪೀಡಿಯಾ ಅನ್ನುವ ವ್ಯವಸ್ಥೆಯ ತರ್ಕ ನನಗೆ ಬಹಳ ಹಿಡಿಸಿತು. ಪುಟದ ಸ್ಕ್ರೀನ್‌ಶಾಟ್ ತೆಗೆದು, ಅದರಲ್ಲಿ ಲೋಗೋ ಎಲ್ಲಿದೆ ಅಂತ ಹುಡುಕಿ, ಅದು ಯಾವ ಬ್ರ್ಯಾಂಡಿನದು ಅಂತ ತನ್ನಲ್ಲಿರುವ ಲೋಗೋಗಳ ಜೊತೆ ಹೋಲಿಸಿ ಗುರುತಿಸುತ್ತದೆ. ಆಮೇಲೆ ಆ ಬ್ರ್ಯಾಂಡಿನ ಅಸಲಿ ಡೊಮೇನಿನ ಜೊತೆ ತಾಳೆ ನೋಡುತ್ತದೆ. ನಕಲು ಎಷ್ಟು ಚೆನ್ನಾಗಿದ್ದರೆ ಅಷ್ಟು ಸುಲಭವಾಗಿ ಸಿಕ್ಕಿಬೀಳುತ್ತಾನೆ, ನೋಡಿ! ಲೋಗೋವನ್ನು ಕೆಡಿಸಿದರೆ ಜನ ನಂಬುವುದಿಲ್ಲ, ಕೆಡಿಸದಿದ್ದರೆ ಯಂತ್ರ ಬಿಡುವುದಿಲ್ಲ. ಕೊರತೆಯೂ ಇದೆ. ಪಟ್ಟಿಯಲ್ಲಿ ಇಲ್ಲದ ಸಣ್ಣ ಬ್ರ್ಯಾಂಡು ಇದಕ್ಕೆ ಗೊತ್ತಾಗದು. ಒಂದು ಸುದ್ದಿಯ ಪುಟದಲ್ಲಿ ಸುಮ್ನೆ ಒಂದು ಕಂಪನಿಯ ಲೋಗೋ ಇದ್ದರೂ ಯಂತ್ರ ಎಡವಬಹುದು, ಹಾಗಾಗಿ ಆ ಪುಟ ಪಾಸ್‌ವರ್ಡ್ ಕೇಳುತ್ತಿದೆಯಾ ಅನ್ನುವುದನ್ನೂ ನೋಡಬೇಕಾಗುತ್ತದೆ.

ಇಷ್ಟೆಲ್ಲ ಮಾಡಿ "ನಮ್ಮದು 99 ಶೇಕಡಾ ನಿಖರ" ಅಂತ ಯಾರಾದರೂ ಹೇಳಿದರೆ ಒಂದು ಲೆಕ್ಕ ಹಾಕಿ. 10 ಲಕ್ಷ ಪುಟಗಳಲ್ಲಿ 100 ನಕಲಿ ಅಂದುಕೊಳ್ಳೋಣ. ಯಂತ್ರ 99 ನಕಲಿಗಳನ್ನು ಹಿಡಿಯುತ್ತದೆ, ಭೇಷ್. ಉಳಿದ 9,99,900 ಒಳ್ಳೆಯ ಪುಟಗಳಲ್ಲಿ ಒಂದು ಶೇಕಡಾ ಅಂದರೆ ಸುಮಾರು 10,000 ಪುಟಗಳಿಗೂ ನಕಲಿ ಅಂತ ಹಣೆಪಟ್ಟಿ ಹಚ್ಚುತ್ತದೆ. ನೂರು ಎಚ್ಚರಿಕೆ ಕೊಟ್ಟರೆ ಅದರಲ್ಲಿ ನಿಜವಾದದ್ದು ಸುಮಾರು ಒಂದೇ. ಬ್ರೌಸರ್ ಕಂಪನಿಗಳು ಎಚ್ಚರಿಕೆಯ ಕೆಂಪು ಪರದೆ ತೋರಿಸಲು ಇಷ್ಟು ಹಿಂದೆಮುಂದೆ ನೋಡುವುದು ಇದಕ್ಕೇ.

ಕಳ್ಳರೂ ಸುಮ್ಮನೆ ಕೂತಿಲ್ಲ. ಬಂದವರು ಪರೀಕ್ಷೆ ಮಾಡುವ ಯಂತ್ರವೋ ಮನುಷ್ಯರೋ ಅಂತ ಮೊದಲು ನೋಡುತ್ತಾರೆ. ಐಪಿ ವಿಳಾಸ (ಇಂಟರ್ನೆಟ್ ಸಂಪರ್ಕವನ್ನು ಗುರುತಿಸುವ ಸಂಖ್ಯೆ) ಭದ್ರತಾ ಕಂಪನಿಯದಾಗಿದ್ದರೆ ಖಾಲಿ ಪುಟ. ಕಂಪ್ಯೂಟರಿನಿಂದ ಬಂದರೆ ಯಾವುದೋ ಅಡುಗೆಯ ಬ್ಲಾಗು, ಫೋನಿನಿಂದ ಬಂದರೆ ಮಾತ್ರ ಲಾಗಿನ್ ಪುಟ. ಮುಂದೆ ಒಂದು ಕ್ಯಾಪ್ಚಾ ಇಟ್ಟರಂತೂ ಮುಗಿಯಿತು, ಯಂತ್ರ ಹೊರಗೆ, ನೀವು ಒಳಗೆ. "ನಾನು ರೋಬೋಟ್ ಅಲ್ಲ" ಅನ್ನುವ ಪೆಟ್ಟಿಗೆ ನೋಡಿದರೆ ಜನಕ್ಕೆ ಇನ್ನಷ್ಟು ನಂಬಿಕೆ ಬೇರೆ ಬರುತ್ತದೆ.

ಅಸಲಿ ಕಂಪನಿಗಳೂ ಇದರಲ್ಲಿ ಪಾಪ ಮಾಡಿವೆ. 2017ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಕ್ರೆಡಿಟ್ ಸಂಸ್ಥೆ ಈಕ್ವಿಫ್ಯಾಕ್ಸ್ ತನ್ನಲ್ಲಿದ್ದ ಕೋಟಿಗಟ್ಟಲೆ ಜನರ ಮಾಹಿತಿ ಕಳವಾಗಿದೆ ಅಂತ ಪ್ರಕಟಿಸಿತು. ಜನ ಈ ಬಗ್ಗೆ ವಿಚಾರಿಸಲು ತನ್ನ ಸ್ವಂತ ಡೊಮೇನಿನಲ್ಲೇ ಒಂದು ಪುಟ ಮಾಡಬಹುದಿತ್ತಲ್ಲ? ಅದು ಬಿಟ್ಟು ಈಕ್ವಿಫ್ಯಾಕ್ಸ್‌ಸೆಕ್ಯುರಿಟಿ2017.ಕಾಮ್ ಅಂತ ಹೊಸ ಹೆಸರು ನೋಂದಾಯಿಸಿತು, ಥೇಟ್ ನಕಲಿ ಸೈಟಿನ ಹಾಗೆ. ನಿಕ್ ಸ್ವೀಟಿಂಗ್ ಅನ್ನುವ ಡೆವಲಪರ್ ಇದು ಎಷ್ಟು ಅಪಾಯ ಅಂತ ತೋರಿಸಲು ಪದಗಳನ್ನು ಹಿಂದುಮುಂದು ಮಾಡಿ ಸೆಕ್ಯುರಿಟಿಈಕ್ವಿಫ್ಯಾಕ್ಸ್2017.ಕಾಮ್ ಅಂತ ಒಂದು ಸೈಟು ಮಾಡಿದ. ಈಕ್ವಿಫ್ಯಾಕ್ಸ್‌ನ ಅಧಿಕೃತ ಟ್ವಿಟರ್ ಖಾತೆಯೇ ಹಲವು ಸಲ ಜನರನ್ನು ಈ ನಕಲಿ ಸೈಟಿಗೆ ಕಳಿಸಿತು! ಸ್ವಂತ ಸೈಟಿನ ಹೆಸರು ಕಂಪನಿಗೇ ನೆನಪಿರಲಿಲ್ಲ ಅಂದ ಮೇಲೆ ಗ್ರಾಹಕರನ್ನು ಬೈದು ಏನು ಪ್ರಯೋಜನ?

ಹಾಗಾಗಿ ನನ್ನ ಅಭಿಪ್ರಾಯ ಸ್ಪಷ್ಟ. ಹೆಸರನ್ನು ಓದಲು ಕಲಿಯಿರಿ, ಒಳ್ಳೆಯದು. ಆದರೆ ನಿಜವಾಗಿ ತಾಳೆ ನೋಡುವ ಕೆಲಸವನ್ನು ಕಣ್ಣಿಗೆ ಬಿಡಬೇಡಿ. ಪಾಸ್‌ವರ್ಡ್ ಮ್ಯಾನೇಜರ್ ಇಟ್ಟುಕೊಳ್ಳಿ, ಪ್ರತಿ ಸೈಟಿನ ಪಾಸ್‌ವರ್ಡು ನೆನಪಿಟ್ಟು ತಾನೇ ತುಂಬುವ ಸಾಫ್ಟ್‌ವೇರ್ ಅದು. ಅದಕ್ಕೆ ಲೋಗೋ ಕಾಣುವುದಿಲ್ಲ, ಡೊಮೇನು ಮಾತ್ರ ಕಾಣುತ್ತದೆ. ಸಿರಿಲಿಕ್ ಆಪಲ್ ಅದರ ಪಾಲಿಗೆ ಪೂರ್ತಿ ಅಪರಿಚಿತ ಹೆಸರು, ಎರಡು ವಿ ಸೇರಿಸಿದ ವೆಸ್ಟ್ ಕೂಡ ಹಾಗೇ. ದಿನಾ ತಾನಾಗಿ ತುಂಬಿಕೊಳ್ಳುತ್ತಿದ್ದ ಪಾಸ್‌ವರ್ಡ್ ಇವತ್ತು ತುಂಬಿಕೊಳ್ಳಲಿಲ್ಲವೆಂದರೆ, "ಥೂ, ಇದೂ ಕೈಕೊಡ್ತು" ಅಂತ ಕಾಪಿ ಮಾಡಿ ಅಂಟಿಸುವ ಮೊದಲು ಒಂದು ಕ್ಷಣ ನಿಲ್ಲಿ. ಕೆಲವೊಮ್ಮೆ ಅಸಲಿ ಸೈಟಿನಲ್ಲೂ ಹೀಗಾಗುತ್ತದೆ. ಆಗ ಆ ಟ್ಯಾಬ್ ಮುಚ್ಚಿ, ನಿಮ್ಮ ಬುಕ್‌ಮಾರ್ಕಿನಿಂದ ಹೋಗಿ ನೋಡಿದರಾಯಿತು.

ಬೇಕಂತಲೇ ತಪ್ಪು ಪಾಸ್‌ವರ್ಡ್ ಹಾಕಿ ನೋಡಿ, ಒಳಗೆ ಬಿಟ್ಟರೆ ನಕಲಿ ಅಂತ ಒಂದು ಉಪಾಯ ಓಡಾಡುತ್ತಿದೆ. ಅದನ್ನು ನಂಬಬೇಡಿ. ಎಷ್ಟೋ ಕಿಟ್‌ಗಳು ಮೊದಲ ಸಲ ಏನು ಹಾಕಿದರೂ ತಪ್ಪು ಅಂತಲೇ ಹೇಳುತ್ತವೆ, ಎರಡನೇ ಸಲ ನೀವು ಹುಷಾರಾಗಿ ಸರಿಯಾದದ್ದನ್ನು ಹಾಕಲಿ ಅಂತ. ಇನ್ನು ಕೆಲವು ನೀವು ಕೊಟ್ಟದ್ದನ್ನು ಅದೇ ಕ್ಷಣ ಅಸಲಿ ಸೈಟಿಗೆ ದಾಟಿಸಿ, ಅಲ್ಲಿಂದ ಬಂದ ಉತ್ತರವನ್ನೇ ನಿಮಗೆ ತೋರಿಸುತ್ತವೆ. ಒಟಿಪಿ ಕೂಡ ಹೀಗೇ ದಾಟಿಹೋಗುತ್ತದೆ.

2022ರ ಜುಲೈ 20ರಂದು ಕ್ಲೌಡ್‌ಫ್ಲೇರ್ ಕಂಪನಿಗೆ ಆದದ್ದು ಇದೇ. ಉದ್ಯೋಗಿಗಳ ಲಾಗಿನ್ ನೋಡಿಕೊಳ್ಳುವ ಓಕ್ಟಾ ಕಂಪನಿಯ ಹೆಸರನ್ನೂ ಸೇರಿಸಿ ಕ್ಲೌಡ್‌ಫ್ಲೇರ್-ಓಕ್ಟಾ.ಕಾಮ್ ಅಂತ ಒಂದು ಹೆಸರು ನೋಂದಣಿಯಾಯಿತು. 40 ನಿಮಿಷ ತುಂಬುವ ಮೊದಲೇ 76 ಉದ್ಯೋಗಿಗಳ ಫೋನಿಗೆ ಅದರ ಲಿಂಕಿರುವ ಮೆಸೇಜು ಬಂತು, ಅದೂ ಒಂದು ನಿಮಿಷದೊಳಗೆ ಎಲ್ಲರಿಗೂ. ತನ್ನ ಹೆಸರಿನಲ್ಲಿ ಹೊಸ ಡೊಮೇನು ಬರುತ್ತದಾ ಅಂತ ಕಾಯುವ ವ್ಯವಸ್ಥೆ ಆ ಕಂಪನಿಯಲ್ಲಿ ಇತ್ತು. ಆದರೆ ನೋಂದಣಿ ತೀರಾ ಹೊಸದಾಗಿದ್ದರಿಂದ ಅದಕ್ಕೆ ಇನ್ನೂ ಸುದ್ದಿ ಮುಟ್ಟಿರಲಿಲ್ಲ. ಮೂವರು ಪಾಸ್‌ವರ್ಡ್ ಹಾಕಿಬಿಟ್ಟರು, ಅದೂ ಇಂಟರ್ನೆಟ್ ಭದ್ರತೆಯೇ ಕಸುಬಾಗಿರುವ ಕಂಪನಿಯಲ್ಲಿ. ಆದರೂ ಕಳ್ಳರು ಒಳಗೆ ಬರಲಾಗಲಿಲ್ಲ. ಅಲ್ಲಿ ಒಟಿಪಿ ಬದಲು ಪ್ರತಿಯೊಬ್ಬರಿಗೂ ಯುಎಸ್‌ಬಿ ಕೀಲಿ ಕೊಟ್ಟಿದ್ದರು. ಈ ಕೀಲಿ, ಮತ್ತು ಇದೇ ತತ್ವದ ಮೇಲೆ ಈಗ ಫೋನಿನಲ್ಲೇ ಸಿಗುವ ಪಾಸ್‌ಕೀ, ಲಾಗಿನ್ ಆಗುವಾಗ ಡಿಜಿಟಲ್ ಸಹಿ ಹಾಕುತ್ತದೆ, ಹಾಕುವಾಗ ಯಾವ ಡೊಮೇನಿಗೆ ಅನ್ನುವುದನ್ನು ಬ್ರೌಸರಿನಿಂದಲೇ ಪಡೆದು ಸಹಿಯಲ್ಲಿ ಸೇರಿಸುತ್ತದೆ. ನಕಲಿ ಸೈಟಿನಲ್ಲಿ ಹಾಕಿದ ಸಹಿ ಅಸಲಿ ಸೈಟಿನಲ್ಲಿ ನಡೆಯುವುದಿಲ್ಲ. ನಿಮಗೆ ಕೊಡಬೇಕು ಅನ್ನಿಸಿದರೂ ಕೊಡಲು ಆಗದು. ನಿಮ್ಮ ಇಮೇಲಿಗೆ ಪಾಸ್‌ಕೀ ಆಯ್ಕೆ ಇದ್ದರೆ ಇವತ್ತೇ ಹಾಕಿಕೊಳ್ಳಿ, ಯಾಕೆಂದರೆ ಬೇರೆ ಎಲ್ಲ ಖಾತೆಗಳ ಪಾಸ್‌ವರ್ಡ್ ಬದಲಾಯಿಸುವ ಲಿಂಕು ಬರುವುದು ಅಲ್ಲಿಗೇ.

ಪಾಸ್‌ವರ್ಡ್ ಈಗಾಗಲೇ ಕೊಟ್ಟುಬಿಟ್ಟಿದ್ದರೆ ಅಸಲಿ ಸೈಟಿಗೆ ಹೋಗಿ ಅದನ್ನು ಬದಲಾಯಿಸಿ, ಜೊತೆಗೆ ಎಲ್ಲ ಸಾಧನಗಳಿಂದ ಲಾಗೌಟ್ ಮಾಡುವ ಆಯ್ಕೆಯನ್ನೂ ಒತ್ತಿ. ನಡುವೆ ಕೂತು ದಾಟಿಸುವ ಸೈಟುಗಳು ಲಾಗಿನ್ ಆದ ಮೇಲಿನ ಕುಕೀಯನ್ನೂ (ನೀವು ಒಳಗೆ ಬಂದಿದ್ದೀರಿ ಅಂತ ಬ್ರೌಸರಿನಲ್ಲಿ ಇಡುವ ಗುರುತಿನ ಚೀಟಿ) ಎತ್ತಿಕೊಂಡಿರುತ್ತವೆ, ಕೆಲವು ಕಡೆ ಪಾಸ್‌ವರ್ಡ್ ಬದಲಾದರೂ ಆ ಕುಕೀ ಬದುಕಿರುತ್ತದೆ. ಆಮೇಲೆ ನಕಲಿ ಸೈಟಿನ ಬಗ್ಗೆ ದೂರು ಕೊಡಿ, ಗೂಗಲ್ ಸೇಫ್ ಬ್ರೌಸಿಂಗ್‌ಗೂ, ಆ ಬ್ರ್ಯಾಂಡಿನವರಿಗೂ, ಡೊಮೇನ್ ಮಾರಿದ ಕಂಪನಿಗೂ. ಕೊಡುವಾಗ ಸ್ಕ್ರೀನ್‌ಶಾಟ್ ಜೊತೆಗೆ ಪೂರ್ತಿ ಲಿಂಕನ್ನು ಕೊನೆಯ ಅಕ್ಷರದವರೆಗೂ ಅಂಟಿಸಿ, ಫೋನಿನಲ್ಲಿ ತೆರೆದಿರೋ ಕಂಪ್ಯೂಟರಿನಲ್ಲೋ ಅನ್ನುವುದನ್ನೂ ಬರೆಯಿರಿ. ಇಲ್ಲದಿದ್ದರೆ ಪರೀಕ್ಷೆ ಮಾಡುವವರಿಗೆ ಅಡುಗೆಯ ಬ್ಲಾಗು ಕಾಣಿಸಿ, ನಿಮ್ಮ ದೂರನ್ನು ಅಲ್ಲಿಗೇ ಮುಚ್ಚಿಬಿಡುತ್ತಾರೆ.